ಸಂಪಾದಕರ ಉತ್ತರ: ಇನ್ನೊಂದು ಸರ್ಟಿಫಿಕೇಟಿನಿಂದ ಬೋಟಿನವನಿಗೇನು ಲಾಭ?

ಮಲ್ಪೆಯ ಓದುಗರಿಗೆ ನಮಸ್ಕಾರ.

ಸಮುದ್ರ ಬರಿದಾಗದಂತೆ ಹಿಡಿದ ಮೀನು ಇದು ಅಂತ ಪೊಟ್ಟಣದ ಮೇಲೆ ಹಾಕುವ ನೀಲಿ ಲೇಬಲ್ ಬಗ್ಗೆ ಹೋದ ಸಂಚಿಕೆಯಲ್ಲಿ ಬರೆದಿದ್ದೆವು. ಅದನ್ನು ಓದಿ ನಿಮಗೆ ಸಿಟ್ಟು ಬಂದಿದೆ. "ತಮ್ಮ ಸಮುದ್ರವನ್ನು ಗುಡಿಸಿ ಹಾಕಿದವರು ಈಗ ನಮಗೆ ಪಾಠ ಹೇಳಲು ಬಂದಿದ್ದಾರೆ. ಲೈಸೆನ್ಸು, ಡೀಸೆಲ್ ಪಾಸ್‌ಬುಕ್ಕು, ಮಳೆಗಾಲದ ರಜೆ ಎಲ್ಲಾ ಆಯ್ತು, ಇನ್ನೊಂದು ಕಾಗದ ಯಾಕೆ? ಬೋಟಿನವನ ಕೈಗೆ ಬರುವುದೇನು?" ಅಂತ ಕೇಳಿದ್ದೀರಿ. ಎರಡು ಸಾಲಿನಲ್ಲಿ ಮುಗಿಸುವ ಪ್ರಶ್ನೆ ಅಲ್ಲ ಇದು, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನಿಮ್ಮ ಮೊದಲ ಮಾತು ನಿಜ. ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ಕಾಡ್ ಮೀನು ನೂರಾರು ವರ್ಷ ಊರೂರುಗಳನ್ನೇ ಸಾಕಿತ್ತು. ಬಲೆ ಎಳೆದುಕೊಂಡು ಹೋಗುವ ದೊಡ್ಡ ದೊಡ್ಡ ಟ್ರಾಲರ್‌ ಹಡಗುಗಳು ಬಂದು ಬಾಚಿದವು. 1992ರ ಜುಲೈನಲ್ಲಿ ಸರ್ಕಾರ ಮೀನುಗಾರಿಕೆಯನ್ನೇ ನಿಲ್ಲಿಸಿತು. ಸುಮಾರು 30,000 ಜನ ಕೆಲಸ ಕಳೆದುಕೊಂಡರು. ಎರಡು ವರ್ಷಕ್ಕೆ ಅಂತ ಹೇಳಿದ ಆ ನಿಷೇಧ ಪೂರ್ತಿ ತೆರವಾಗಿದ್ದು 2024ರಲ್ಲಿ. ಆ ಹೊಡೆತದ ನೆನಪು ಇನ್ನೂ ಹಸಿಯಾಗಿದ್ದಾಗಲೇ, 1997ರಲ್ಲಿ, ಮರೀನ್ ಸ್ಟೂವರ್ಡ್‌ಶಿಪ್ ಕೌನ್ಸಿಲ್, ಅಂದರೆ ಎಂಎಸ್‌ಸಿ ಶುರುವಾಯಿತು. ನೀಲಿ ಲೇಬಲ್ ಅವರದ್ದೇ. ಅವರು ಕೆಟ್ಟು ಕಲಿತಿದ್ದಾರೆ ಅನ್ನೋಣ. ಆದರೆ ನಾವೂ ಕೆಟ್ಟೇ ಕಲಿಯಬೇಕು ಅಂತ ಏನೂ ಇಲ್ಲ, ಅಲ್ವಾ?

ಆ ಲೇಬಲ್ ಸಿಗಬೇಕಾದರೆ ಮೂರು ವಿಷಯ ನೋಡುತ್ತಾರೆ. ಸಮುದ್ರದಲ್ಲಿ ಆ ಮೀನು ಸಾಕಷ್ಟು ಉಳಿದಿದೆಯಾ, ಹಿಡಿಯುವಾಗ ಬೇರೆ ಜೀವಿಗಳಿಗೆ ಎಷ್ಟು ಪೆಟ್ಟು, ನಿಯಮ ಸುಮ್ನೆ ಕಾಗದದಲ್ಲಿದೆಯಾ ಇಲ್ಲಾ ನಿಜವಾಗಿ ನಡೆಯುತ್ತಿದೆಯಾ. ತಪಾಸಣೆಗೆ ಬರುವವರು ಎಂಎಸ್‌ಸಿಯವರಲ್ಲ, ಹೊರಗಿನ ಸಂಸ್ಥೆಯವರು. ಸರ್ಟಿಫಿಕೇಟು ಐದು ವರ್ಷಕ್ಕೆ, ಆದರೆ ವರ್ಷ ವರ್ಷವೂ ಬಂದು ನೋಡುತ್ತಾರೆ.

ನಮ್ಮ ಪಕ್ಕದಲ್ಲೇ ಇದಕ್ಕೊಂದು ಒಳ್ಳೆಯ ಉದಾಹರಣೆ ಇದೆ. ಕೇರಳದ ಕೊಲ್ಲಂ ಹತ್ತಿರ ಅಷ್ಟಮುಡಿ ಹಿನ್ನೀರು. ಅಲ್ಲಿ ಸಿಗುವುದು ನಿಮ್ಮ ಕಡೆಯವರು ಮರುವಾಯಿ ಅನ್ನುವ ಚಿಪ್ಪಿನ ಬಳಗದ್ದೇ. ಜನ ನೀರಿಗಿಳಿದು, ಉದ್ದ ಕೋಲಿಗೆ ಕಟ್ಟಿದ ಬಲೆಯಿಂದ ಮರಳು ಕೆರೆದು ತೆಗೆಯುತ್ತಾರೆ. ಮನೆಯಲ್ಲಿ ಬೇಯಿಸಿ, ಮಾಂಸ ಬಿಡಿಸಿ, ಏಜೆಂಟರಿಗೆ ಕೊಡುತ್ತಾರೆ. ತೆಗೆಯುವುದು, ತೊಳೆಯುವುದು, ಮಾರುವುದು ಎಲ್ಲಾ ಸೇರಿ ಸುಮಾರು 3,000 ಜನರ ಬದುಕು ಅದರ ಮೇಲಿದೆ. ಹೊರದೇಶದ ಬೇಡಿಕೆ ಹೆಚ್ಚಾಗಿ 1991ರ ಹೊತ್ತಿಗೆ ವರ್ಷಕ್ಕೆ 10,000 ಟನ್ ತೆಗೆಯುತ್ತಿದ್ದರು. 1993ಕ್ಕೆ ಅದು ಅರ್ಧಕ್ಕೆ ಇಳಿಯಿತು. ಆಗ ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರ ಮಾತು ಕೇಳಿ ಕೆಲವು ಕಟ್ಟುಪಾಡು ಬಂತು. ಮೊಟ್ಟೆಯಿಡುವ ಕಾಲದಲ್ಲಿ ರಜೆ, ಯಂತ್ರ ಹಾಕುವಂತಿಲ್ಲ, ಬಲೆಯ ಕಣ್ಣು 30 ಮಿಲಿಮೀಟರ್. ಮರಿ ಚಿಪ್ಪು ಬಲೆಯಿಂದ ಜಾರಿ ಮರಳಿಗೇ ಬೀಳಬೇಕು. ಇನ್ನೊಂದು ನಿಯಮ ನನಗೆ ಬಹಳ ಇಷ್ಟ. ಒಂದು ಕಿಲೋ ಮಾಂಸ ತೂಗಲು 1,400ಕ್ಕಿಂತ ಜಾಸ್ತಿ ಚಿಪ್ಪು ಬೇಕಾದರೆ ಆ ಮಾಲು ರಫ್ತಿಗಿಲ್ಲ. ನೀರಿನಲ್ಲಿ ನಿಂತು ಕಾವಲು ಕಾಯುವುದು ಕಷ್ಟ, ತಕ್ಕಡಿ ಹತ್ತಿರ ಎಣಿಸುವುದು ಸುಲಭ. ಫಸಲು ಮತ್ತೆ ಏರಿತು.

2014ರಲ್ಲಿ ಅಷ್ಟಮುಡಿಗೆ ಎಂಎಸ್‌ಸಿ ಸರ್ಟಿಫಿಕೇಟು ಬಂತು, ಭಾರತದಲ್ಲಿ ಅದೇ ಮೊದಲು. ಗಮನಿಸಿ, ಕಟ್ಟುಪಾಡು ಮೊದಲು ಬಂತು, ಲೇಬಲ್ ಆಮೇಲೆ. ಹಾಗಾದರೆ ಲೇಬಲ್ ಮಾಡಿದ್ದೇನು? ಹಿಡಿಯುವವರು, ಕೊಳ್ಳುವವರು, ರಫ್ತಿನವರು, ವಿಜ್ಞಾನಿಗಳು, ಅಧಿಕಾರಿಗಳು ಎಲ್ಲರನ್ನೂ ಒಂದೇ ಮಂಡಳಿಯಲ್ಲಿ ಕೂರಿಸಿತು. ನಿಯಮ ಮುರಿದರೆ ಎಲ್ಲರಿಗೂ ನಷ್ಟ ಅನ್ನುವ ಸ್ಥಿತಿ ತಂದಿತು.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದರಲ್ಲೇ ಇದೆ. ದೀಪ ಹಾಕಿ ಮೀನು ಸೆಳೆಯುವ ಲೈಟ್ ಫಿಶಿಂಗ್, ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗ್ ಎರಡನ್ನೂ 2017ರಲ್ಲೇ ಕೇಂದ್ರ ಸರ್ಕಾರ ನಿಷೇಧಿಸಿತು. ಆದರೂ ನಡೆಯುತ್ತಿದೆ ಅಂತ ನೀವೇ ಬರೆದಿದ್ದೀರಿ. ಇವತ್ತು ಅದರ ವಿರುದ್ಧ ಕೂಗುವವರು ನಾಡದೋಣಿಯವರು ಮಾತ್ರ. ಕೊಳ್ಳುವವನಿಗೆ ಮಾಲು ಬಂದರೆ ಸಾಕು. ಸರ್ಟಿಫಿಕೇಟಿನ ಲೆಕ್ಕಕ್ಕೆ ಬಂದರೆ, ಕಳ್ಳ ಮೀನುಗಾರಿಕೆ ನಡೆದಷ್ಟೂ ಅಂಕ ಕಡಿಮೆ. ಆಗ ರಫ್ತು ಕಂಪನಿಯವನೂ ನಿಮ್ಮ ಪಕ್ಕ ನಿಂತು "ಇದನ್ನು ನಿಲ್ಲಿಸಿ" ಅನ್ನಬೇಕಾಗುತ್ತದೆ. ನಿಯಮ ಪಾಲಿಸುವ ಬೋಟಿನವನಿಗೆ ಇದಕ್ಕಿಂತ ದೊಡ್ಡ ಲಾಭ ನನಗಂತೂ ಕಾಣುತ್ತಿಲ್ಲ.

ರೇಟಿನ ವಿಷಯ ನೇರವಾಗಿ ಹೇಳುತ್ತೇನೆ. ಲೇಬಲ್ ಬಂದ ಕೂಡಲೇ ಕಿಲೋಗೆ ಇಷ್ಟು ಜಾಸ್ತಿ ಸಿಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಕೆಲವೊಮ್ಮೆ ಸಿಗುತ್ತದೆ, ಕೆಲವೊಮ್ಮೆ ಇಲ್ಲ, ಸಿಕ್ಕಿದ್ದೂ ನಡುವಿನವರ ಕೈಯಲ್ಲೇ ಉಳಿಯಬಹುದು. ತಪಾಸಣೆಗೆ ಖರ್ಚು ಇದೆ, ಅದು ಸಣ್ಣದೇನಲ್ಲ. ಅದನ್ನು ಬಡ ಮೀನುಗಾರನ ತಲೆಗೆ ಕಟ್ಟುವುದು ಅನ್ಯಾಯ. ರಫ್ತಿನವರು, ಸರ್ಕಾರ ಕೊಡಬೇಕು. ಈ ವಿಷಯದಲ್ಲಿ ನಿಮ್ಮ ಸಿಟ್ಟು ನನ್ನದೂ ಹೌದು.

ಆದರೆ ರೇಟು ಏರುವುದು ಒಂದು ಲೆಕ್ಕವಾದರೆ, ಮಾರುಕಟ್ಟೆಯೇ ಮುಚ್ಚದಂತೆ ನೋಡಿಕೊಳ್ಳುವುದು ಇನ್ನೊಂದು ಲೆಕ್ಕ. ಸಮುದ್ರದ ಸಿಗಡಿಯ ಕಥೆ ನೋಡಿ. ಟ್ರಾಲ್ ಬಲೆಗೆ ಬಿದ್ದ ಆಮೆ ಹೊರಗೆ ಹೋಗಲು ದಾರಿ ಇರಬೇಕು ಅಂತ ಅಮೆರಿಕದ ಕಾನೂನು. ಬಲೆಯೊಳಗೆ ಸರಳಿನ ಒಂದು ಚೌಕಟ್ಟು, ಅದರ ಹತ್ತಿರ ಒಂದು ಕಿಂಡಿ. ಸಿಗಡಿ ಸರಳಿನ ನಡುವೆ ನುಸುಳಿ ಹಿಂದೆ ಹೋಗುತ್ತದೆ, ಆಮೆ ಕಿಂಡಿಯಿಂದ ಹೊರಗೆ. ನಮ್ಮ ಬೋಟುಗಳಲ್ಲಿ ಅದು ಇಲ್ಲ ಅಂತ 2019ರಿಂದ ಭಾರತದ ಸಮುದ್ರ ಸಿಗಡಿಯನ್ನು ಅಮೆರಿಕ ಕೊಳ್ಳುವುದನ್ನೇ ನಿಲ್ಲಿಸಿತು. ಕೆರೆಯಲ್ಲಿ ಸಾಕಿದ ಸಿಗಡಿಗೆ ತೊಂದರೆ ಆಗಲಿಲ್ಲ, ಪೆಟ್ಟು ಬಿದ್ದಿದ್ದು ಬೋಟಿನವರಿಗೆ.

"ಇನ್ನೊಂದು ಕಾಗದ" ಅಂದಿರಿ. ನೀವು ಹಿಡಿದ ಬೊಂಡಾಸ್ (ಸ್ಕ್ವಿಡ್) ಯುರೋಪಿಗೆ ಹೋಗಬೇಕಾದರೆ 2010ರಿಂದಲೇ ಅದರ ಜೊತೆ ಕ್ಯಾಚ್ ಸರ್ಟಿಫಿಕೇಟು, ಅಂದರೆ ಮೀನು ಹಿಡಿದದ್ದರ ಪತ್ರ ಹೋಗಬೇಕು, ಯಾವ ಬೋಟು ಹಿಡಿದದ್ದು ಅಂತ ಅದರಲ್ಲಿ ಬರೆದಿರಬೇಕು. ನಮ್ಮಲ್ಲಿ ಅದನ್ನು ಕೊಡುವುದು ಎಂಪೆಡಾ, ಅಂದರೆ ಕೇಂದ್ರ ಸರ್ಕಾರದ ಸಮುದ್ರ ಉತ್ಪನ್ನ ರಫ್ತು ಅಭಿವೃದ್ಧಿ ಪ್ರಾಧಿಕಾರ. ಅಂದರೆ ಕಾಗದ ಆಗಲೇ ಓಡಾಡುತ್ತಿದೆ, ನಿಮ್ಮ ಕೈಯಲ್ಲಿ ಇಲ್ಲ ಅಷ್ಟೇ. ದಕ್ಕೆಯಲ್ಲಿ ಹತ್ತು ಬೋಟಿನ ಮಾಲು ಏಲಂ ಆಗಿ ಒಂದೇ ಲಾರಿಗೆ ಸುರಿದ ಮೇಲೆ, ಚೆನ್ನಾಗಿ ಐಸ್ ಹಾಕಿ ತಂದವನ ಮೀನು ಯಾವುದು, ಮರಿ ಬಾಚಿದವನದ್ದು ಯಾವುದು ಅಂತ ಯಾರು ಹೇಳುತ್ತಾರೆ? ಲೇಬಲ್ ಬೇಕಾದರೆ ಬೋಟಿನಿಂದ ಅಂಗಡಿವರೆಗೂ ಆ ಮಾಲನ್ನು ಬೇರೆಯೇ ಇಡಬೇಕು. ಒಳ್ಳೆಯ ಕೆಲಸ ಮಾಡಿದವನ ಹೆಸರು ಆಗ ಉಳಿಯುತ್ತದೆ.

ಈ ಲೇಬಲ್ ಕೊಟ್ಟ ಹಾಗೆ ಕಿತ್ತುಕೊಳ್ಳುವುದೂ ಉಂಟು. ಯುರೋಪಿನ ನಾರ್ತ್ ಸೀ ಕಾಡ್ ಮೀನಿಗೆ 2017ರಲ್ಲಿ ಕೊಟ್ಟು 2019ರಲ್ಲಿ ಅಮಾನತು ಮಾಡಿದರು, ಮೀನು ಕಡಿಮೆಯಾಯಿತು ಅಂತ. ಅದನ್ನು ಮೊದಲು ಕೊಟ್ಟಿದ್ದೇ ತಪ್ಪು ಅನ್ನುವವರಿದ್ದಾರೆ, ಇರಲಿ. ದೊಡ್ಡ ದೇಶಗಳ ಮುಲಾಜು ನೋಡಲಿಲ್ಲ ಅನ್ನುವುದು ನನಗೆ ಮುಖ್ಯ.

ಮಲ್ಪೆಯ ಟ್ರಾಲ್ ಬಲೆಗೆ ಒಮ್ಮೆಗೆ ಹತ್ತಾರು ಜಾತಿ ಬೀಳುತ್ತವೆ. ಅಷ್ಟಕ್ಕೂ ಒಟ್ಟಿಗೆ ಸರ್ಟಿಫಿಕೇಟು ಪಡೆಯುವುದು ಬಹಳ ಕಷ್ಟ. ಒಂದು ಮೀನು ಆರಿಸಿಕೊಳ್ಳಿ. ಬಲೆಯ ಕೊನೆಯ ಚೀಲದ ಕಣ್ಣು ಚೌಕ ಮಾಡಿ, ಎಳೆಯುವಾಗ ವಜ್ರಾಕಾರದ ಕಣ್ಣು ಮುಚ್ಚಿಕೊಳ್ಳುತ್ತದೆ, ಚೌಕದ್ದು ತೆರೆದೇ ಇರುತ್ತದೆ, ಮರಿ ತಪ್ಪಿಸಿಕೊಳ್ಳುತ್ತದೆ. ಎಲ್ಲಿ ಹಿಡಿದಿರಿ, ಎಷ್ಟು, ಯಾವ ಗಾತ್ರ ಅಂತ ಬೋಟು ನಡೆಸುವ ತಾಂಡೇಲರು ಒಂದು ಪುಸ್ತಕದಲ್ಲಿ ಬರೆದಿಡಲಿ. ಸಂಶೋಧನಾ ಸಂಸ್ಥೆಯ ಕೇಂದ್ರ ಮಂಗಳೂರಿನಲ್ಲೇ ಇದೆ, ಅವರನ್ನು ಸಂಘದ ಸಭೆಗೆ ಕರೆಯಿರಿ. ರಫ್ತಿನವರನ್ನೂ ಕರೆದು ಖರ್ಚು ಯಾರದ್ದು ಅಂತ ಎಲ್ಲರ ಎದುರಿಗೇ ಕೇಳಿ. ಅವರೇನು ಹೇಳಿದರು ಅಂತ ನನಗೆ ಬರೆಯಿರಿ, ಪೂರ್ತಿ ಹಾಕುತ್ತೇನೆ, ನಮ್ಮ ಅಭಿಪ್ರಾಯಕ್ಕೆ ವಿರುದ್ಧ ಇದ್ದರೂ ಸರಿ.

– ಸಂಪಾದಕ