ನಿಮ್ಮ ಪೇಟಿ ಮಾಸ್ತರರು ಒಂಬೈನೂರು ಪದ ಆದಮೇಲೆ ಬರುತ್ತಾರೆ

ನಮಸ್ಕಾರ,

ನಿಮ್ಮ ಲೇಖನ ಎರಡು ಸಲ ಓದಿದೆ. ಈಗ ಇರುವ ಹಾಗೆ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಆದರೆ ವಾಪಸ್ ಕಳಿಸಿ ಸುಮ್ಮನಾಗಲು ಮನಸ್ಸಿಲ್ಲ, ಯಾಕೆಂದರೆ ಅದರೊಳಗೆ ಒಂದು ಒಳ್ಳೆಯ ಬರಹ ಹೂತುಹೋಗಿದೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೇಜಾರು ಮಾಡ್ಕೋಬೇಡಿ.

ನೀವು ಬರೆದಿರುವುದು ನಾಟಕ ಕಂಪನಿಯಲ್ಲಿ ಕಾಲುಪೇಟಿ, ಅಂದರೆ ಕಾಲಿಂದ ತಿದಿ ಒತ್ತುವ ಹಾರ್ಮೋನಿಯಂ ನುಡಿಸುತ್ತಿದ್ದ, ಈಗ ತೊಂಬತ್ತು ದಾಟಿರುವ ಮಾಸ್ತರರ ಬಗ್ಗೆ. ಲೇಖನದಲ್ಲಿ ಒಟ್ಟು 2,400 ಪದ. ಮಾಸ್ತರರು ಕಾಣಿಸಿಕೊಳ್ಳುವುದು ಒಂಬೈನೂರು ಪದ ಆದಮೇಲೆ. ಅಲ್ಲಿವರೆಗೆ ಧಾರವಾಡದ ಮಣ್ಣು, ಧಾರವಾಡದ ಮಳೆ, ಪೇಢೆ, ಆಮೇಲೆ ಕಲ್ಲು ಎಸೆದರೆ ಕವಿಯ ಮನೆ ಮೇಲೆ ಬೀಳುವ ಆ ಹಳೇ ಮಾತು. ಆ ಕಲ್ಲನ್ನು ನಾವೆಲ್ಲ ಎಷ್ಟು ಸಲ ಎಸೆದಿದ್ದೇವೆ ಅಂದರೆ ಕವಿಗಳು ಮನೆ ಬದಲಿಸಿರಬೇಕು. ಪೂರ್ತಿ ತೆಗೆಯಿರಿ.

ಎರಡು ತಪ್ಪು ಬೇಗ ಹೇಳಿಬಿಡುತ್ತೇನೆ. 'ಧಾರವಾಡ ಘರಾಣೆ' ಅಂತ ನೀವು ಬರೆದಿದ್ದೀರಿ, ಆ ಹೆಸರಿನ ಘರಾಣೆ, ಅಂದರೆ ಹಾಡುವ ಪರಂಪರೆ, ಇಲ್ಲ. ಮಲ್ಲಿಕಾರ್ಜುನ ಮನಸೂರರು ಜೈಪುರ-ಅತ್ರೌಲಿ, ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿ ಕಿರಾಣಾ. ಊರು ಹತ್ತಿರ ಹತ್ತಿರ, ಹಾಡುವ ರೀತಿ ಬೇರೆ ಬೇರೆ. ಇನ್ನೊಂದು, ಮಾಸ್ತರರು ಕುಂದಗೋಳದಲ್ಲಿ ಗಾಯಕ ಅಬ್ದುಲ್ ಕರೀಂ ಖಾನರಿಗೆ ಪೇಟಿ ಸಾಥ್ ಕೊಟ್ಟರು ಅಂದಿದ್ದೀರಿ. ಖಾನ್ ಸಾಹೇಬರು ತೀರಿಕೊಂಡದ್ದು 1937ರಲ್ಲಿ. ನೀವೇ ಕೊಟ್ಟ ಲೆಕ್ಕದಂತೆ ಮಾಸ್ತರರಿಗೆ ಆಗ ಮೂರು ವರ್ಷ! ಬಹುಶಃ ಅಲ್ಲಿ ಖಾನ್ ಸಾಹೇಬರ ಶಿಷ್ಯ ಸವಾಯಿ ಗಂಧರ್ವರ ಪುಣ್ಯತಿಥಿಗೆ ನಡೆಯುವ ಸಂಗೀತಕ್ಕೆ ಹೋಗಿದ್ದರೇನೋ. ವಯಸ್ಸಾದವರ ನೆನಪು ಕಲಸಿಕೊಳ್ಳುತ್ತದೆ, ಅದು ಅವರ ತಪ್ಪಲ್ಲ. ಕೇಳಿಸಿಕೊಂಡು ಬಂದು ಮನೆಯಲ್ಲಿ ಕೂತು ಲೆಕ್ಕ ಹಾಕುವುದು ನಮ್ಮ ಕೆಲಸ ಅಲ್ವಾ.

ಈಗ ಮುಖ್ಯ ವಿಷಯ. ಐದನೇ ಪುಟದಲ್ಲಿ ನೀವು ಒಂದೇ ಸಾಲಲ್ಲಿ ಹೇಳಿ ಮುಂದೆ ಹೋಗಿದ್ದೀರಿ: 1961ರಲ್ಲಿ ಮಾಸ್ತರರು ಪೇಟಿ ಹೊತ್ತುಕೊಂಡು ರೇಡಿಯೋ ಕೇಂದ್ರಕ್ಕೆ ಹೋದರು, ಬಾಗಿಲಿಂದಲೇ ವಾಪಸ್ ಬಂದರು, ಕಾರಣ 'ಒಳರಾಜಕೀಯ'. ಅಲ್ಲ ರೀ! ಆಕಾಶವಾಣಿಯಲ್ಲಿ 1940ರಿಂದ ಹಾರ್ಮೋನಿಯಂಗೇ ನಿಷೇಧ ಇತ್ತು. ಅದು ಸಡಿಲವಾದದ್ದು 1971ರಲ್ಲಿ. ಇದು ಪರದೇಶದಿಂದ ಬಂದ ಪೆಟ್ಟಿಗೆ, ಇದರ ಸ್ವರ ಕೂತಲ್ಲೇ ಕೂತಿರುತ್ತದೆ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡ್ ಇದರಲ್ಲಿ ಬರುವುದಿಲ್ಲ, ನಮ್ಮ ರಾಗಗಳ ಸೂಕ್ಷ್ಮ ಶ್ರುತಿಗೆ ಇದು ಹೊಂದುವುದಿಲ್ಲ ಅಂತ ವಾದ. ವಾದದಲ್ಲಿ ಸ್ವಲ್ಪ ನಿಜವೂ ಇದೆ ಅನ್ನಿ. ಆದರೆ ಆ ಮೂವತ್ತು ವರ್ಷ ರೇಡಿಯೋ ಹೊರಗಿನ ಬೈಠಕ್ ಕಛೇರಿಗಳಲ್ಲಿ, ಭಜನೆಯಲ್ಲಿ, ನಾಟಕದಲ್ಲಿ ಪೇಟಿ ಇಲ್ಲದೆ ಕೆಲಸ ಸಾಗುತ್ತಿರಲಿಲ್ಲ. ಬೆಳಗಾವಿಯ ರಾಮಭಾವು ಬಿಜಾಪುರೆಯವರಂಥ ದೊಡ್ಡ ವಾದಕರು ಅದೇ ಕಾಲದಲ್ಲಿ ಬೆಳೆದವರು. ನಿಮ್ಮ ಮಾಸ್ತರರು ಇಪ್ಪತ್ತೇಳನೇ ವಯಸ್ಸಲ್ಲಿ ಯಾವ ಬಾಗಿಲು ತಟ್ಟಿದರೋ ಅದು ಅವರ ಮುಖ ನೋಡಿ ಮುಚ್ಚಿದ್ದಲ್ಲ, ಹೆಗಲ ಮೇಲಿದ್ದ ಪೆಟ್ಟಿಗೆ ನೋಡಿ ಮುಚ್ಚಿದ್ದು. ಅದು ಅವರಿಗೆ ಗೊತ್ತಿತ್ತಾ? ಗೊತ್ತಿದ್ದೂ ಹೋದರಾ? 71ರ ಮೇಲೆ ಮತ್ತೆ ಹೋದರಾ ಅಥವಾ ಅಷ್ಟೊತ್ತಿಗೆ ಬೇಡ ಅನಿಸಿತಾ? ಇದನ್ನು ಕೇಳದೆ ಎದ್ದು ಬಂದಿದ್ದೀರಿ. ಲೇಖನ ಇಲ್ಲೇ ಇದೆ.

ಇನ್ನೊಂದು ಜಾಗ ನನಗೆ ಬಹಳ ಹಿಡಿಸಿತು. ಬನಶಂಕರಿ ಜಾತ್ರೆಯ ಕ್ಯಾಂಪಿನಲ್ಲಿ ನಾಯಕಿ ಪಾತ್ರದವರ ಗಂಟಲು ಕಟ್ಟಿತ್ತು, ಮಾಸ್ತರರು ಹಾಡಿನ ನಡುವೆಯೇ ಶ್ರುತಿಯನ್ನು ಪೇಟಿಯ ಬಿಳಿ ನಾಲ್ಕನೇ ಮನೆಯಿಂದ ಕಪ್ಪು ಎರಡಕ್ಕೆ ಇಳಿಸಿ ನುಡಿಸಿದರು, ಜನಕ್ಕೆ ಗೊತ್ತೇ ಆಗಲಿಲ್ಲ ಅಂತ. ಆಹಾ! ಆದರೆ ತಬಲಾದವರು ಏನು ಮಾಡಿದರು? ತಬಲಾ ಬಿಳಿ ನಾಲ್ಕಕ್ಕೆ ಶ್ರುತಿ ಕೂಡಿಸಿದ್ದು, ಅದರ ಪಕ್ಕದ ಮರದ ಗಟ್ಟಾ ಬಡಿದು ಅಷ್ಟು ಬೇಗ ಇಳಿಸಲು ಆಗಲ್ಲ. ಇನ್ನೊಂದು ತಬಲಾ ಪಕ್ಕದಲ್ಲಿ ಇತ್ತಾ, ಎಡಗೈಯ ಡಗ್ಗಾ ಮೇಲೇ ದೂಡಿದರಾ? ಇದನ್ನು ಕೇಳಿ ಬರೆದರೆ ಓದುವವನು ಆ ರಾತ್ರಿ ಟೆಂಟಿನಲ್ಲಿ ಕೂತಿರುತ್ತಾನೆ. ನೀವು ಮುಂದಿನ ಸಾಲಲ್ಲೇ 'ನಾದಬ್ರಹ್ಮ', 'ಸ್ವರಸಾಮ್ರಾಟ' ಅಂತ ಶುರು ಮಾಡಿದ್ದೀರಿ. ಒಟ್ಟು ಹನ್ನೊಂದು ಬಿರುದು ಎಣಿಸಿದೆ. ಇಡೀ ಲೇಖನದಲ್ಲಿ ಅವರು ನುಡಿಸಿದ ಒಂದು ರಾಗದ ಹೆಸರಿಲ್ಲ. ಪೇಟಿಯ ತಿದಿ ಹೊಸದಾ, ತೇಪೆ ಹಾಕಿದ್ದಾ, ಯಾವ ರೀಡು ಈಗ ಬಾಯಿ ಬಿಡುವುದಿಲ್ಲ, ಏನೂ ಇಲ್ಲ. ಭಕ್ತಿ ಜಾಸ್ತಿ, ಕಿವಿ ಕಡಿಮೆ ಆಗಿದೆ.

ಸಂಗೀತದ ಬಗ್ಗೆ ಬರೆಯಲು ಹಾಡಲು ಬರಲೇಬೇಕು ಅಂತಿಲ್ಲ. ನನಗೂ ಬರುವುದಿಲ್ಲ, ಮನೆಯವರು ಸಾಕ್ಷಿ. ಆದರೆ ಎದುರಿಗೆ ಕೂತು 'ಒಂದು ಸಲ ನುಡಿಸ್ತೀರಾ' ಅಂತ ಕೇಳಬೇಕು, ನಿಲ್ಲಿಸಿ 'ಈಗ ಏನು ಮಾಡಿದಿರಿ' ಅಂತ ಮತ್ತೆ ಕೇಳಬೇಕು. ದಡ್ಡರ ಹಾಗೆ ಕಂಡರೂ ಪರವಾಗಿಲ್ಲ. ಮಾತಾಡುವಾಗ ಬಿಗಿಯಾಗಿ ಕೂರುವ ಕಲಾವಿದರು ಪೇಟಿ ಮುಂದೆ ಇಟ್ಟುಕೊಂಡರೆ ತಾವಾಗಿ ಬಾಯಿ ಬಿಡುತ್ತಾರೆ, ಇದು ನಾನು ಕಂಡದ್ದು.

ಸರ್ಕಾರ ಮಾಸಾಶನ ಕೊಡಬೇಕು ಎಂಬ ಕೊನೆಯ ಪ್ಯಾರಾ ತೆಗೆಯಿರಿ. ಬೇಡಿಕೆ ನ್ಯಾಯವೇ, ಆದರೆ ಕಲಾವಿದರ ಮೇಲೆ ಬರುವ ಹತ್ತು ಲೇಖನದಲ್ಲಿ ಒಂಬತ್ತು ಹೀಗೇ ಮುಗಿಯುತ್ತವೆ. ಅವರಿಗೆ ಮಾಸಾಶನ ಬರುತ್ತಿದೆಯಾ ಇಲ್ಲವಾ, ಅರ್ಜಿ ಹಾಕಿದ್ದರಾ, ಅಷ್ಟು ತಿಳಿದು ನಡುವೆ ಎಲ್ಲಾದರೂ ಒಂದು ಸಾಲು ಬರೆಯಿರಿ ಸಾಕು.

ಇನ್ನೊಂದು ಸಲ ಹೋಗಿ ಬನ್ನಿ. 1,200 ಪದ ಮೀರದಂತೆ ಬರೆದು ಕಳಿಸಿ, ಅವಸರ ಇಲ್ಲ. ಶಾಲು ಹೊದೆಸಿದ ಫೋಟೋ ಬೇಡ, ಪೇಟಿ ಮೇಲೆ ಅವರ ಬೆರಳು ಇರುವುದು ಬೇಕು. ಆ ಕಾಲುಪೇಟಿ ಈಗ ಎಲ್ಲಿದೆ ಅಂತಲೂ ನೀವು ಬರೆದಿಲ್ಲ. ಮಾರಿದ್ದರೆ ಯಾರಿಗೆ, ಎಷ್ಟಕ್ಕೆ ಅಂತ ಕೇಳಿಕೊಂಡು ಬನ್ನಿ.