ಓದುಗರ ಪ್ರಶ್ನೆ: ಹೋದ ವರ್ಷದ ಏಟಿಗೆ ಈ ವರ್ಷ ಮದ್ದು ಹುಡುಕ್ಬೇಡಿ

ಆಗಸ್ಟ್ ಬಂತು ಅಂದ್ರೆ ಅಮೆರಿಕದಲ್ಲಿರೋ ನಮ್ಮವರ ವಾಟ್ಸಾಪ್ ಗ್ರೂಪಲ್ಲಿ ಗಣೇಶ ಹಬ್ಬದ ಚಂದಾ ಜೊತೆಗೆ ಫ್ಯಾಂಟಸಿ ಫುಟ್‌ಬಾಲ್ ಡ್ರಾಫ್ಟ್ ಡೇಟೂ ಓಡಾಡೋಕೆ ಶುರು ಆಗುತ್ತೆ. ಫುಟ್‌ಬಾಲ್ ಅಂದ್ರೆ ಇಲ್ಲಿ ಎನ್‌ಎಫ್‌ಎಲ್, ಹೆಲ್ಮೆಟ್ ಹಾಕ್ಕೊಂಡು ಗುದ್ದಾಡೋದು. ಫ್ಯಾಂಟಸಿ ಅಂದ್ರೆ ಆ ಆಟಗಾರರನ್ನ ಸರದಿ ಪ್ರಕಾರ ಆರಿಸ್ಕೊಂಡು (ಅದೇ ಡ್ರಾಫ್ಟ್), ನಿಜವಾದ ಮ್ಯಾಚಲ್ಲಿ ಅವರು ಆಡಿದ್ದಕ್ಕೆ ನಾವು ಪಾಯಿಂಟ್ ಎಣಿಸೋದು. ಈ ಸಲ, ಅಂದ್ರೆ 2025ರ ಡ್ರಾಫ್ಟಿಗೆ ಮುಂಚೆ, ಬಂದ ಪತ್ರಗಳಲ್ಲಿ ಹೆಚ್ಚಿನವು 2024ರ ಸೀಸನ್ ಕೊಟ್ಟ ಏಟಿನ ಬಗ್ಗೆನೇ, ಅದಕ್ಕೆ ಒಟ್ಟಿಗೇ ಉತ್ತರ ಬರೀತಿದೀನಿ.

ಪ್ರಶ್ನೆ: ಸರ್, ಹೋದ ವರ್ಷ ನಮ್ಮ 12 ಜನರ ಲೀಗಲ್ಲಿ ನಂಗೆ ಫಸ್ಟ್ ಪಿಕ್ ಸಿಕ್ಕಿತ್ತು, ಎಲ್ಲರೂ ಹೇಳಿದ ಹಾಗೆ ಕ್ರಿಶ್ಚಿಯನ್ ಮೆಕ್ಯಾಫ್ರಿ ತಗೊಂಡೆ, ಸೀಸನ್ ಅಲ್ಲಿಗೇ ಮುಗೀತು. ಈ ಸಲ ಮೊದಲ ಎರಡು ರೌಂಡ್ ರನ್ನಿಂಗ್ ಬ್ಯಾಕ್ (ಮೆಕ್ಯಾಫ್ರಿ ಥರ ಬಾಲ್ ಹಿಡಿದು ಓಡೋರು) ಮುಟ್ಟೋದೇ ಇಲ್ಲ ಅಂತ ತೀರ್ಮಾನ ಮಾಡಿದೀನಿ. ಸರಿನಾ?
(ಪ್ಲೇನೋ, ಟೆಕ್ಸಾಸ್)

ಉತ್ತರ: ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ ಆಯ್ತಲ್ಲ. ನಿಮ್ಮ ಸಿಟ್ಟು ಅರ್ಥ ಆಗುತ್ತೆ, ಆದ್ರೆ ಆ ಪಿಕ್ ಮಾಡಿದ್ದು ತಪ್ಪಲ್ಲ. 2023ರಲ್ಲಿ ಮೆಕ್ಯಾಫ್ರಿ ಓಡಿದ್ದು 1,459 ಯಾರ್ಡ್, ಕ್ಯಾಚಲ್ಲಿ ಇನ್ನೂ 564, ಒಟ್ಟು 21 ಟಚ್‌ಡೌನ್ (ಬಾಲ್ ತಗೊಂಡು ಎದುರಾಳಿಯ ಕೊನೆ ಗೆರೆ ದಾಟೋದು), ಹತ್ತು ಯಾರ್ಡಿಗೆ ಒಂದು ಪಾಯಿಂಟ್, ಟಚ್‌ಡೌನಿಗೆ ಆರು ಅಂತ ಲೆಕ್ಕ ಹಾಕಿದ್ರೆ ಅಂಥವರನ್ನ ಬಿಟ್ಟು ಬೇರೆಯವರನ್ನ ಫಸ್ಟ್ ತಗೊಳ್ಳೋಕೆ ಯಾರಿಗೂ ಧೈರ್ಯ ಇರ್ಲಿಲ್ಲ. 2024ರಲ್ಲಿ ಎರಡೂ ಕಾಲಿನ ಅಕಿಲಿಸ್ (ಹಿಮ್ಮಡಿ ಮೇಲಿನ ಸ್ನಾಯುರಜ್ಜು) ನೋವು ಅಂತ ಮೊದಲ ಎಂಟು ಮ್ಯಾಚ್ ಹೊರಗಿದ್ರು, ನವೆಂಬರಲ್ಲಿ ವಾಪಸ್ ಬಂದು ನಾಲ್ಕು ಮ್ಯಾಚ್ ಆಡಿದ್ರು, ಬಫಲೋದ ಹಿಮದಲ್ಲಿ ಮಂಡಿ ಹೋಯ್ತು, ಅಷ್ಟೇ.

ಈಗ ನೀವು ಹೇಳ್ತಿರೋ ಪ್ಲಾನನ್ನೇ ಹೋದ ವರ್ಷ ಊರೆಲ್ಲಾ ಮಾಡಿತ್ತು, ಅದನ್ನ ಸ್ವಲ್ಪ ನೆನಪು ಮಾಡ್ಕೊಳಿ. 2023ರಲ್ಲಿ ನಿಕ್ ಚಬ್ ಎರಡನೇ ವಾರವೇ ಮಂಡಿ ಮುರ್ಕೊಂಡ್ರು, ಆಸ್ಟಿನ್ ಎಕೆಲರ್ ಮೊದಲ ವಾರದ ಆ್ಯಂಕಲ್ ಇಂಜುರಿ ಆದ್ಮೇಲೆ ಮೊದಲಿನ ಹಾಗೆ ಆಡ್ಲೇ ಇಲ್ಲ, ಸೇಕ್ವಾನ್ ಬಾರ್ಕ್ಲಿ ಜೈಂಟ್ಸ್ ಟೀಮಲ್ಲಿ ಸಾವಿರ ಯಾರ್ಡೂ ದಾಟ್ಲಿಲ್ಲ. ಆ ಕಡೆ ವೈಡ್ ರಿಸೀವರ್‌ಗಳು, ಅಂದ್ರೆ ಎಸೆದ ಬಾಲ್ ಹಿಡಿಯೋರು, ಟೈರೀಕ್ ಹಿಲ್ 1,799, ಸೀಡೀ ಲ್ಯಾಂಬ್ 1,749 ಯಾರ್ಡ್. ಅದಕ್ಕೆ 2024ರ ಆಗಸ್ಟಲ್ಲಿ ಎಲ್ಲರೂ ವೈಡ್ ರಿಸೀವರ್ ವೈಡ್ ರಿಸೀವರ್ ಅಂತ ಮುಗಿಬಿದ್ರು. ಆಮೇಲೇನಾಯ್ತು? ಹಿಲ್ ಆಡ್ತಿದ್ದ ಮಯಾಮಿ ಟೀಮಲ್ಲಿ ಬಾಲ್ ಎಸೆಯೋ ಕ್ವಾರ್ಟರ್‌ಬ್ಯಾಕ್ ಟುವಾಗೆ ತಲೆಗೆ ಪೆಟ್ಟಾಗಿ ನಾಲ್ಕು ಮ್ಯಾಚ್ ಹೊರಗೆ ಕೂತ್ರು, ಹಿಲ್ ಕೈಗೆ ಬೇರೆ ನೋವು, ಸೀಸನ್ ಮುಗಿದಾಗ 959 ಯಾರ್ಡ್. ಎಲ್ಲರೂ ಬೇಡ ಅಂದಿದ್ದ ರನ್ನಿಂಗ್ ಬ್ಯಾಕ್‌ಗಳು ಹೆಚ್ಚಿನ ಲೀಗಲ್ಲಿ ಮೊದಲ ರೌಂಡಿನ ಕೊನೇಲಿ, ಎರಡನೇ ರೌಂಡಲ್ಲಿ, ಮೂರನೇ ರೌಂಡಲ್ಲಿ ಸಿಕ್ತಿದ್ರಲ್ಲ, ಅವರೇ ಕಪ್ ಗೆದ್ದುಕೊಟ್ಟಿದ್ದು: ಬಾರ್ಕ್ಲಿ 2,005, ಡೆರಿಕ್ ಹೆನ್ರಿ 1,921, ಜಾಶ್ ಜೇಕಬ್ಸ್ 1,329.

ನಮ್ಮ ಕೋಲಾರದ ಕಡೆ ಟೊಮೆಟೊ ಕಥೆ ಗೊತ್ತಲ್ವಾ, ಒಂದು ವರ್ಷ ಬಾಕ್ಸಿಗೆ ಬಂಗಾರದ ರೇಟ್ ಬಂತು ಅಂದ್ರೆ ಮುಂದಿನ ಸಲ ಎಲ್ಲರೂ ಟೊಮೆಟೊನೇ ಹಾಕ್ತಾರೆ, ರೇಟ್ ಬಿದ್ದು ರಸ್ತೆಗೆ ಸುರೀತಾರೆ. ಡ್ರಾಫ್ಟೂ ಅದೇ ಜಾತಿ. ಹೋದ ವರ್ಷ ಯಾರು ಆಡಿದ್ರು ಅನ್ನೋದು ಆಗ್ಲೇ ರೇಟಲ್ಲಿ ಸೇರ್ಕೊಂಡಿರುತ್ತೆ, ನಿಮಗೆ ಲಾಭ ಇರೋದು ರೂಮಲ್ಲಿರೋ ಹನ್ನೊಂದು ಜನ ಭಯಪಟ್ಟು ಕೆಳಗೆ ತಳ್ಳಿದ ಹೆಸರಲ್ಲಿ. ಹಾಗಾಗಿ "ಮುಟ್ಟಲ್ಲ" ಅಂತ ಮೊದಲೇ ಪ್ರತಿಜ್ಞೆ ಮಾಡ್ಕೊಂಡು ಕೂರ್ಬೇಡಿ. ಈ ಸಲ ಎಲ್ಲರೂ 2024 ನೋಡಿ ರನ್ನಿಂಗ್ ಬ್ಯಾಕ್ ಎಳ್ಕೊಳ್ತಾ ಇದ್ರೆ ಒಳ್ಳೆ ರಿಸೀವರ್ ತಾನಾಗೇ ಎರಡನೇ ರೌಂಡಿಗೆ ಇಳಿದು ಬರ್ತಾರೆ, ಆವಾಗ ತಗೊಳಿ. ನಿಮ್ಮ ಲೀಗಿನ ಗಾಳಿ ಯಾವ ಕಡೆ ಬೀಸ್ತಿದೆ ಅಂತ ಮೊದಲ ಆರೇಳು ಪಿಕ್ಕಲ್ಲೇ ಗೊತ್ತಾಗುತ್ತೆ.

ಪ್ರಶ್ನೆ: ಮೆಕ್ಯಾಫ್ರಿ ತಗೊಂಡವರು ಅವರ ಬ್ಯಾಕಪ್‌ನೂ ಇಟ್ಕೊಂಡಿದ್ರೆ ಬಚಾವ್ ಆಗ್ತಿದ್ರಲ್ವಾ? ಹ್ಯಾಂಡ್‌ಕಫ್ ಅಂತಾರಲ್ಲ, ಅದಕ್ಕೆ ಒಂದು ಪಿಕ್ ಎತ್ತಿಡಬೇಕಾ?
(ಫ್ರೀಮಾಂಟ್, ಕ್ಯಾಲಿಫೋರ್ನಿಯಾ)

ಉತ್ತರ: ಹೇಳೋಕೆ ಸುಲಭ. ಆದ್ರೆ ಯಾವ ಬ್ಯಾಕಪ್? ಆಗಸ್ಟಲ್ಲಿ ಬೇಗ ಡ್ರಾಫ್ಟ್ ಮಾಡಿದವರು ಜಾಣತನ ಮಾಡಿ ಇಲೈಜಾ ಮಿಚೆಲ್‌ನ ಎತ್ಕೊಂಡ್ರು, ಆ ಮನುಷ್ಯ ಸೀಸನ್ ಶುರುವಾಗೋ ಮೊದ್ಲೇ ಇಂಜುರಿ ಲಿಸ್ಟಿಗೆ ಹೋಗ್ಬಿಟ್ಟ. ಸೆಪ್ಟೆಂಬರ್ 9ರ ಸೋಮವಾರ ರಾತ್ರಿ ಮೆಕ್ಯಾಫ್ರಿಯ ಟೀಮ್ 49ಅರ್ಸ್‌ಗೆ ಜೆಟ್ಸ್ ಮೇಲೆ ಮ್ಯಾಚ್, ಶುರುವಾಗೋಕೆ ಒಂದೂವರೆ ಗಂಟೆ ಇದೆ ಅನ್ನೋವಾಗ ಮೆಕ್ಯಾಫ್ರಿ ಆಡಲ್ಲ ಅಂತ ಲಿಸ್ಟ್ ಬಂತು, ಅಷ್ಟೊತ್ತಿಗೆ ಭಾನುವಾರದ ಮ್ಯಾಚೆಲ್ಲಾ ಮುಗಿದು ಬೆಂಚಲ್ಲಿರೋರನ್ನ ಹಾಕೋಕೂ ಆಗದ ಪರಿಸ್ಥಿತಿ. ಆ ರಾತ್ರಿ ಜಾರ್ಡನ್ ಮೇಸನ್ 28 ಸಲ ಬಾಲ್ ಹಿಡಿದು 147 ಯಾರ್ಡ್ ಓಡಿದ್ರು. ಡಿಸೆಂಬರ್ 1ಕ್ಕೆ ಬಫಲೋದಲ್ಲಿ ಮೆಕ್ಯಾಫ್ರಿ ಬಿದ್ದ ಅದೇ ಮ್ಯಾಚಲ್ಲಿ ಮೇಸನ್ ಆ್ಯಂಕಲೂ ಹೋಯ್ತು! ಆಮೇಲೆ ಐಸಾಕ್ ಗೆರೆಂಡೋ ಬಂದ್ರು, ಮುಂದಿನ ವಾರ ಬೇರ್ಸ್ ಮೇಲೆ ಎರಡು ಟಚ್‌ಡೌನ್.

ಅಂದ್ರೆ ಒಂದೇ ಟೀಮಿನ ಒಂದೇ ಜಾಗಕ್ಕೆ ನಾಲ್ಕು ಹೆಸರು. ಯಾರು ಅಷ್ಟನ್ನೂ ಬೆಂಚಲ್ಲಿ ಸಾಕ್ತಾರೆ? ನನ್ನ ಕೇಳಿದ್ರೆ ನಿಮ್ಮ ಸ್ಟಾರಿನ ಬ್ಯಾಕಪ್ ಇಟ್ಕೊಳ್ಳೋದಕ್ಕಿಂತ ಬೇರೆಯವರ ಸ್ಟಾರಿನ ಬ್ಯಾಕಪ್ ಇಟ್ಕೊಳ್ಳೋದು ಮೇಲು, ನಿಮ್ಮವರು ಚೆನ್ನಾಗಿರ್ಲಿ, ಪಕ್ಕದವರದ್ದು ಕೈಕೊಟ್ರೆ ನಿಮಗೆ ಎರಡು ಕುದುರೆ. ಆದ್ರೆ ಆಗಸ್ಟಲ್ಲೇ ಪ್ರಾಕ್ಟೀಸ್ ತಪ್ಪಿಸ್ತಿರೋ ಸ್ಟಾರ್ ಆದ್ರೆ ಮಾತು ಬೇರೆ, ಮೆಕ್ಯಾಫ್ರಿ ಆಗ ಮೀನಖಂಡ ನೋವು ಅಂತ ಹೊರಗೆ ಕೂತಿದ್ರು, ಆ ಸೂಚನೆ ಸಿಕ್ಕಿದ್ಮೇಲೆ ಕೊನೆ ರೌಂಡಲ್ಲಾದ್ರೂ ಬ್ಯಾಕಪ್ ತಗೋಬೇಕಿತ್ತು. ಇನ್ನೊಂದು, ಡ್ರಾಫ್ಟ್ ಆದಷ್ಟು ತಡ ಮಾಡಿ. ಲೇಬರ್ ಡೇ (ಸೆಪ್ಟೆಂಬರ್ ಮೊದಲ ಸೋಮವಾರ) ವೀಕೆಂಡ್ ಒಳ್ಳೇದು. ಆಗಸ್ಟ್ ಮಧ್ಯದಲ್ಲೇ ಮಾಡ್ಬೇಕು ಅಂತ ಹಠ ಹಿಡಿಯೋ ಕಮಿಷನರ್ (ಲೀಗ್ ನಡೆಸೋರು) ಇದ್ರೆ ಮಿಚೆಲ್ ಕಥೆ ಹೇಳಿ.

ಪ್ರಶ್ನೆ: ನಾನು ಇರೋದು ಬೆಂಗಳೂರಲ್ಲಿ, ನಮ್ಮ ಆಫೀಸ್ ಟೀಮಲ್ಲಿ ಅರ್ಧ ಜನ ಅಟ್ಲಾಂಟಾದವರು, ನನ್ನೂ ಲೀಗಿಗೆ ಸೇರಿಸಿದಾರೆ. ಡ್ರೀಮ್11 ಆಡಿ ಗೊತ್ತು. ಇದೂ ಹಾಗೇನಾ?
(ಬೆಳ್ಳಂದೂರು)

ಉತ್ತರ: ಅಲ್ಲ. ಅದರಲ್ಲಿ ಕೊಹ್ಲಿನ ನೀವೂ ತಗೋಬಹುದು, ನಾನೂ ತಗೋಬಹುದು, ಮ್ಯಾಚ್ ಮುಗಿದ್ರೆ ಲೆಕ್ಕ ಮುಗೀತು. ಇಲ್ಲಿ ಒಬ್ಬ ಪ್ಲೇಯರ್ ಲೀಗಲ್ಲಿ ಒಬ್ಬರಿಗೆ ಮಾತ್ರ, ಅದೂ ಸೀಸನ್ ಪೂರ್ತಿ. ಸ್ನೇಕ್ ಡ್ರಾಫ್ಟ್ ಅಂದ್ರೆ ಸರದಿ ಹಾವಿನ ಹಾಗೆ ತಿರುಗುತ್ತೆ, 12 ಜನರಲ್ಲಿ ನಿಮ್ಮದು ಒಂದನೇ ಪಿಕ್ ಆದ್ರೆ ಮುಂದಿನದು 24, ಆಮೇಲೆ 25. ಮಧ್ಯೆ 22 ಜನ ಹೋಗ್ಬಿಟ್ಟಿರ್ತಾರೆ, ಅದಕ್ಕೇ ಯಾರು ಚೆನ್ನಾಗಿ ಆಡ್ತಾರೆ ಅನ್ನೋದಕ್ಕಿಂತ ಯಾರು ನನ್ನ ಸರದಿ ವರೆಗೂ ಉಳೀತಾರೆ ಅನ್ನೋದು ಮುಖ್ಯ. ಪ್ರತಿ ಆ್ಯಪಲ್ಲೂ ಎಡಿಪಿ ಅಂತ ಒಂದು ಕಾಲಂ ಇರುತ್ತೆ, ಸರಾಸರಿ ಎಷ್ಟನೇ ಪಿಕ್ಕಲ್ಲಿ ಹೋಗ್ತಿದಾರೆ ಅಂತ, ಮಾರ್ಕೆಟ್ ರೇಟ್ ಅಂದ್ಕೊಳಿ.

ನಿಮಗೆ ಇನ್ನೊಂದು ತಾಪತ್ರಯ ಟೈಮು. ಸೆಪ್ಟೆಂಬರ್, ಅಕ್ಟೋಬರಲ್ಲಿ ಭಾನುವಾರದ ಮೊದಲ ಮ್ಯಾಚ್ ನಮ್ಮಲ್ಲಿ ರಾತ್ರಿ 10:30ಕ್ಕೆ, ಅವರು ಗಡಿಯಾರ ಹಿಂದೆ ತಿರುಗಿಸಿದ್ಮೇಲೆ 11:30. ಸೋಮವಾರ ರಾತ್ರಿದು ನಮಗೆ ಮಂಗಳವಾರ ಬೆಳಿಗ್ಗೆ 5:45ಕ್ಕೆ, ಅಂದ್ರೆ ಮೆಕ್ಯಾಫ್ರಿ ಆಡಲ್ಲ ಅನ್ನೋ ಸುದ್ದಿ ಇಲ್ಲಿ ಬಂದಿದ್ದು ಬೆಳಗಿನ ಜಾವ 4:15ಕ್ಕೆ, ಯಾರು ಎದ್ದಿರ್ತಾರೆ ಹೇಳಿ. ಅದಕ್ಕೆ ಕೊನೆ ಮ್ಯಾಚಲ್ಲಿ ಆಡೋ, ಇಂಜುರಿ ಡೌಟ್ ಇರೋ ಪ್ಲೇಯರ್‌ನ ನೀವು ಡ್ರಾಫ್ಟ್ ಮಾಡ್ಬೇಡಿ ಅಂತಲ್ಲ, ಆದ್ರೆ ಅದೇ ಮ್ಯಾಚಲ್ಲಿ ಆಡೋ ಇನ್ನೊಬ್ಬರನ್ನ ಬೆಂಚಲ್ಲಿ ಇಟ್ಕೊಂಡು ಅಲಾರಂ ಇಟ್ಟು ಮಲಗಿ.

ಪ್ರಶ್ನೆ: ಬಾರ್ಕ್ಲಿ ಎರಡು ಸಾವಿರ ಯಾರ್ಡ್ ಓಡಿದ್ರಲ್ಲ, ನನ್ನದು ಮೂರನೇ ಪಿಕ್, ಕಣ್ಣು ಮುಚ್ಕೊಂಡು ತಗೊಳ್ಲಾ?
(ಎಡಿಸನ್, ನ್ಯೂಜೆರ್ಸಿ)

ಉತ್ತರ: ಕಣ್ಣು ತೆರ್ಕೊಂಡೇ ನೋಡಿ. ರೆಗ್ಯುಲರ್ ಸೀಸನ್ನಲ್ಲಿ 345 ಸಲ ಬಾಲ್ ಹಿಡಿದು ಓಡಿದಾರೆ, ಪ್ಲೇಆಫಲ್ಲಿ ಇನ್ನೂ 91, ಒಟ್ಟು 436 ಸಲ ದೊಡ್ಡ ದೊಡ್ಡ ದೇಹಗಳು ಬಂದು ಗುದ್ದಿದಾವೆ. ಫೈನಲ್ ಮ್ಯಾಚ್ ಸೂಪರ್ ಬೌಲ್ ದಿನವೇ ಅವರಿಗೆ 28 ತುಂಬ್ತು. ಇನ್ನೊಂದು ವಿಷಯ ಜನ ಮರೀತಾರೆ: ಗೋಲ್ ಲೈನ್ ಹತ್ರ ಬಂದ್ರೆ ಬಾರ್ಕ್ಲಿಯ ಟೀಮ್ ಈಗಲ್ಸ್‌ನವರು ಹಿಂದಿಂದ ತಳ್ಳಿ ಕ್ವಾರ್ಟರ್‌ಬ್ಯಾಕ್ ಜೇಲನ್ ಹರ್ಟ್ಸ್‌ನೇ ಒಳಗೆ ನುಗ್ಗಿಸ್ತಾರೆ, ಹರ್ಟ್ಸ್ 14 ಟಚ್‌ಡೌನ್ ಓಡಿದ್ರೆ ಬಾರ್ಕ್ಲಿ 13. ಬಾರ್ಕ್ಲಿ ಪಾಯಿಂಟಲ್ಲಿ 60, 70 ಯಾರ್ಡಿನ ಉದ್ದದ ಓಟಗಳ ಪಾಲು ದೊಡ್ಡದು, ಅಂಥವು ಪ್ರತಿ ವರ್ಷ ಅಷ್ಟೇ ಸಂಖ್ಯೆಲಿ ಬರುತ್ತೆ ಅಂತ ನಂಬ್ಕೊಂಡು ಮೂರನೇ ಪಿಕ್ ಕೊಡೋಕೆ ನಂಗೆ ಮನಸ್ಸಿಲ್ಲ. ಎಂಟನೇದು, ಒಂಬತ್ತನೇದು ಆಗಿದ್ರೆ ಖುಷಿಯಾಗಿ ತಗೊಳ್ತಿದ್ದೆ.

ಬಾರ್ಕ್ಲಿ ಕಥೇಲಿ ಕಲಿಯೋದು ಬಾರ್ಕ್ಲಿ ಹೆಸರಲ್ಲ, ಅವರು ಹೋದ ಜಾಗ. ಜೈಂಟ್ಸಲ್ಲಿ ಲೈನ್ (ಓಡೋರಿಗೆ ಮುಂದೆ ನಿಂತು ದಾರಿ ಮಾಡಿಕೊಡೋರು) ತೂತು, ಈಗಲ್ಸಲ್ಲಿ ಮುಂದೆ ಗೋಡೆ. 2024ರ ಮಾರ್ಚಲ್ಲಿ ಟೀಮ್ ಬದಲಾಯಿಸಿದ ರನ್ನಿಂಗ್ ಬ್ಯಾಕ್‌ಗಳನ್ನ ನೋಡಿ, ಹೆನ್ರಿ ರೇವನ್ಸಿಗೆ, ಜೇಕಬ್ಸ್ ಪ್ಯಾಕರ್ಸಿಗೆ, ಏರನ್ ಜೋನ್ಸ್ ವೈಕಿಂಗ್ಸಿಗೆ, ಟೋನಿ ಪೊಲಾರ್ಡ್ ಟೈಟನ್ಸಿಗೆ, ಜೋ ಮಿಕ್ಸನ್ ಟೆಕ್ಸನ್ಸಿಗೆ, ಎಲ್ಲರೂ ಸಾವಿರ ದಾಟಿದ್ರು. ಹೆನ್ರಿಗೆ 30 ವರ್ಷ, ಮುಗೀತು ಅಂತ ಎಷ್ಟು ಜನ ಬಿಟ್ಟಿದ್ರು! ಹಾಗಂತ ಇದನ್ನೂ ಮಂತ್ರ ಮಾಡ್ಕೋಬೇಡಿ, ಅದೇ ವರ್ಷ ಬೆಂಗಾಲ್ಸಿಗೆ ಹೋದ ಝ್ಯಾಕ್ ಮಾಸ್ ಕುತ್ತಿಗೆ ನೋವಿಂದ ಅರ್ಧಕ್ಕೇ ಮನೆಗೆ ಹೋದ್ರು. ಹೊಸ ಟೀಮಲ್ಲಿ ಬಾಲ್ ಎಷ್ಟು ಸಲ ಕೈಗೆ ಬರುತ್ತೆ, ಮುಂದೆ ಲೈನ್ ಹೇಗಿದೆ, ಎರಡು ನೋಡಿದ್ರೆ ಸಾಕು, ಹೈಲೈಟ್ಸ್ ವಿಡಿಯೋ ಬೇಡ.

ಪ್ರಶ್ನೆ: ಕ್ವಾರ್ಟರ್‌ಬ್ಯಾಕ್ ಯಾವ ರೌಂಡಲ್ಲಿ?
(ಚಿಕಾಗೋ)

ಉತ್ತರ: ಒಬ್ಬರನ್ನೇ ಆಡಿಸೋ ಲೀಗ್ ಆದ್ರೆ ಅವಸರ ಬೇಡ. 2024ರ ಟಾಪ್ ಐದು ಲಮಾರ್ ಜಾಕ್ಸನ್, ಜಾಶ್ ಆ್ಯಲನ್, ಜೋ ಬರೋ, ಬೇಕರ್ ಮೇಫೀಲ್ಡ್, ಜೇಡನ್ ಡೇನಿಯಲ್ಸ್. ಇದರಲ್ಲಿ ಮೇಫೀಲ್ಡ್‌ನ ಎಷ್ಟೋ ಲೀಗಲ್ಲಿ ಯಾರೂ ಡ್ರಾಫ್ಟೇ ಮಾಡಿರ್ಲಿಲ್ಲ, 4,500 ಯಾರ್ಡ್ 41 ಟಚ್‌ಡೌನ್ ಎಸೆದ್ರು. ಡೇನಿಯಲ್ಸ್ ಹೊಸ ಹುಡುಗ, ಎಸೆಯೋದರ ಜೊತೆಗೆ 891 ಯಾರ್ಡ್ ಓಡಿದ್ರು, ಎಸೆದ ಯಾರ್ಡಿಗೆ 25ಕ್ಕೊಂದು ಪಾಯಿಂಟ್ ಆದ್ರೆ ಓಡಿದ್ದಕ್ಕೆ ಹತ್ತಕ್ಕೊಂದು, ಹಾಗಾಗಿ ಓಡೋ ಕ್ವಾರ್ಟರ್‌ಬ್ಯಾಕ್ ತಡವಾಗಿ ಸಿಕ್ರೆ ಬಿಡ್ಬೇಡಿ. ಓಡ್ತಾರೆ ಅಂತ ಮಾತ್ರ ನೋಡಿ ಆ್ಯಂಥನಿ ರಿಚರ್ಡ್‌ಸನ್‌ನ ಬೇಗ ತಗೊಂಡವರು ಏನಾದ್ರು ಅಂತಲೂ ನೆನಪಿರ್ಲಿ, ಎಸೆದ ಬಾಲಲ್ಲಿ ಅರ್ಧವೂ ಕೈಗೆ ಸೇರದೆ ಮಧ್ಯದಲ್ಲೇ ಬೆಂಚಿಗೆ ಹೋದ್ರು. ಇಬ್ಬರು ಕ್ವಾರ್ಟರ್‌ಬ್ಯಾಕ್ ಆಡಿಸೋ ಸೂಪರ್‌ಫ್ಲೆಕ್ಸ್ ಲೀಗ್ ಆದ್ರೆ ಇದೆಲ್ಲಾ ಉಲ್ಟಾ, ಮೊದಲ ರೌಂಡಲ್ಲೇ ಹಿಡೀರಿ.

ಪ್ರಶ್ನೆ: ಟೈಟ್ ಎಂಡ್ (ಎದುರಾಳಿನ ತಡೆಯೋ ಕೆಲಸದ ಜೊತೆ ಬಾಲೂ ಹಿಡಿಯೋರು) ಬೇಗ ತಗೊಂಡು ಕೈ ಸುಟ್ಕೊಂಡೆ. ಲಪೋರ್ಟಾ. ಈಗ ಬೌವರ್ಸ್ ತಗೊಳ್ಲಾ?
(ಸಿಯಾಟಲ್)

ಉತ್ತರ: ಸ್ಯಾಮ್ ಲಪೋರ್ಟಾ 2023ರಲ್ಲಿ ಪುಕ್ಕಟೆ ಸಿಕ್ಕಿದ್ರು, 86 ಕ್ಯಾಚ್, 10 ಟಚ್‌ಡೌನ್. ಮುಂದಿನ ವರ್ಷ ಮೂರನೇ ರೌಂಡ್ ರೇಟ್, 60 ಕ್ಯಾಚ್. ಬ್ರಾಕ್ ಬೌವರ್ಸ್ ಈಗ ನಿಂತಿರೋದು ಅದೇ ಜಾಗದಲ್ಲಿ, ಆದ್ರೆ ಒಂದು ವ್ಯತ್ಯಾಸ ಇದೆ: ಲಪೋರ್ಟಾ ಪಾಯಿಂಟ್ ಟಚ್‌ಡೌನಿಂದ ಬಂದಿತ್ತು, ಬೌವರ್ಸ್ ಪಾಯಿಂಟ್ ಕ್ಯಾಚಿಂದ. 112 ಕ್ಯಾಚ್, 1,194 ಯಾರ್ಡ್, ಟಚ್‌ಡೌನ್ ಬರೀ 5. ಮೊದಲ ವರ್ಷದ ಟೈಟ್ ಎಂಡ್ ಯಾರ್ಡ್ ದಾಖಲೆ 1961ರಿಂದ ಮೈಕ್ ಡಿಟ್ಕಾ ಹೆಸರಲ್ಲಿತ್ತು, ಅದನ್ನ ಮುರಿದ ಹುಡುಗ. ಟಚ್‌ಡೌನ್ ವರ್ಷ ವರ್ಷ ಏರಿಳಿಯುತ್ತೆ, ಕ್ಯಾಚ್ ಸಂಖ್ಯೆ ಅಷ್ಟು ಬೇಗ ಕೈಕೊಡಲ್ಲ, ಹಾಗಾಗಿ ಕ್ಯಾಚಿಗೆ ಒಂದು ಪಾಯಿಂಟ್ ಇರೋ ಲೀಗಲ್ಲಿ ಎರಡನೇ ರೌಂಡಿನ ಕೊನೇಲಿ ಸಿಕ್ರೆ ತಗೊಳಿ. ಕ್ಯಾಚಿಗೆ ಪಾಯಿಂಟೇ ಇಲ್ಲ ಅಂದ್ರೆ ಬಿಟ್ಬಿಡಿ.

ಪ್ರಶ್ನೆ: ಕಿಕರ್ (ಬಾಲ್ ಒದ್ದು ಪಾಯಿಂಟ್ ತರೋರು)?
(ಆಸ್ಟಿನ್)

ಉತ್ತರ: ಕೊನೇ ರೌಂಡ್. ಅದಕ್ಕಿಂತ ಒಂದು ರೌಂಡೂ ಮುಂಚೆ ಬೇಡ.

ಪ್ರಶ್ನೆ: ನಾನೂ ನಮ್ಮ ಯಜಮಾನ್ರೂ ಒಂದೇ ಲೀಗಲ್ಲಿದೀವಿ. ಹೋದ ವರ್ಷ ಅಕ್ಟೋಬರಲ್ಲಿ ಅವರು ಮೆಕ್ಯಾಫ್ರಿನ ನಂಗೆ ಟ್ರೇಡ್ ಮಾಡಿ ನನ್ನ ಹತ್ರ ಇದ್ದ ಚೂಬಾ ಹಬ್ಬರ್ಡ್‌ನ ತಗೊಂಡ್ರು, ನಾನು ಸೋತೆ, ಲೀಗಲ್ಲಿ ಎಲ್ಲರೂ ಮ್ಯಾಚ್ ಫಿಕ್ಸಿಂಗ್ ಅಂತ ರೇಗಿಸಿದ್ರು. ಈ ವರ್ಷ ಟ್ರೇಡೇ ಬೇಡ್ವಾ?
(ಕ್ಯಾರಿ, ನಾರ್ತ್ ಕ್ಯಾರೋಲಿನಾ)

ಉತ್ತರ: ಹಬ್ಬರ್ಡ್ ಆ ವರ್ಷ 1,195 ಯಾರ್ಡ್ ಓಡಿದ್ರು, ನಿಮ್ಮ ಯಜಮಾನ್ರು ವ್ಯಾಪಾರಸ್ಥರು ಬಿಡಿ. ಟ್ರೇಡ್ ಮಾಡಿ, ಆದ್ರೆ ಆಡ್ತಾ ಇರೋ ಚಿಕ್ಕ ಹೆಸರನ್ನ ಕೊಟ್ಟು ಇಂಜುರೀಲಿರೋ ದೊಡ್ಡ ಹೆಸರನ್ನ ತಗೊಳ್ಳೋವಾಗ ಜೊತೆಗೆ ಇನ್ನೊಬ್ಬರನ್ನ ಕೇಳಿ, ಯಜಮಾನ್ರು ಅಂತ ರಿಯಾಯಿತಿ ಬೇಡ. ಫಿಕ್ಸಿಂಗ್ ಮಾತು ಬರ್ಬಾರ್ದು ಅಂದ್ರೆ ಡ್ರಾಫ್ಟಿಗೆ ಮುಂಚೆನೇ ಕಮಿಷನರ್‌ಗೆ ಹೇಳಿ ಒಂದು ರೂಲ್ ಮಾಡಿಸಿ: ನಿಮ್ಮಿಬ್ಬರ ಮಧ್ಯೆ ಟ್ರೇಡ್ ಆದ್ರೆ ಎರಡು ದಿನ ಲೀಗಿನವರ ವೋಟಿಗೆ ಇಡೋದು. ಮತ್ತೆ ಡ್ರಾಫ್ಟ್ ದಿನ ಇಬ್ಬರೂ ಬೇರೆ ಬೇರೆ ರೂಮಲ್ಲಿ ಕೂತ್ಕೊಳಿ, ಅವರು ನಿಮ್ಮ ಸ್ಕ್ರೀನ್ ನೋಡ್ತಾರೆ.