ಮೈಸೂರಿನ ಫ್ಲ್ಯಾಟ್‌ನಲ್ಲಿ ಸಾಕಿರುವ ಬೆಕ್ಕಿಗೆ ಯಾವ ಲಿಟರ್ (ಬೆಕ್ಕು ಉಚ್ಚೆ, ಕಕ್ಕ ಮಾಡುವ ಟ್ರೇಗೆ ಹಾಕುವ ಪದಾರ್ಥ) ಒಳ್ಳೆಯದು? ಮರಳು ಹಾಕಿದರೆ ಸಾಕಾ?

ದೊಡ್ಡ ಬೆಕ್ಕಾದರೆ ಪರಿಮಳ ಸೇರಿಸದ, ಸಣ್ಣ ಕಾಳಿನ ಬೆಂಟೊನೈಟ್ ಲಿಟರ್ ತನ್ನಿ. ಇದು ಒಂದು ಬಗೆಯ ಜೇಡಿಮಣ್ಣು. ಉಚ್ಚೆ ಬಿದ್ದ ಕಡೆ ಹೀರಿಕೊಂಡು, ಊದಿ, ಗಟ್ಟಿ ಉಂಡೆಯಾಗುತ್ತದೆ. ಆ ಉಂಡೆಯನ್ನಷ್ಟೇ ತೂತಿನ ಸೌಟಿನಲ್ಲಿ ಎತ್ತಿ ಹಾಕಿದರೆ ಉಳಿದದ್ದು ಒಣಗಿಯೇ ಇರುತ್ತದೆ. ಮರಳಿನಲ್ಲಿ ಹಾಗಾಗುವುದಿಲ್ಲ. ಉಚ್ಚೆ ತಳಕ್ಕಿಳಿದು ಟ್ರೇಯಲ್ಲೇ ನಿಲ್ಲುತ್ತದೆ, ಬೇಗ ಮನೆಯೆಲ್ಲ ನಾರುತ್ತದೆ. ಮಂಡ್ಯ ಕಡೆಯ ಹಿತ್ತಲಿರುವ ಮನೆಯಾದರೆ ಮರಳೂ ನಡೆಯುತ್ತದೆ, ಆಗಾಗ ಪೂರ್ತಿ ಬದಲಾಯಿಸಬಹುದು ಅಲ್ವಾ.

ಮರಿಗೆ ಮಾತ್ರ ಬೆಂಟೊನೈಟ್ ಬೇಡ. ಎರಡು ಮೂರು ತಿಂಗಳ ಮರಿಗಳು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತವೆ. ಅದು ಹೊಟ್ಟೆಯಲ್ಲಿ ಊದಿದರೆ ಕರುಳು ಕಟ್ಟಿಕೊಳ್ಳಬಹುದು. ಮರಿ ಸ್ವಲ್ಪ ದೊಡ್ಡದಾಗುವವರೆಗೆ ಮರದ ಪೆಲೆಟ್ (ಮರದ ಪುಡಿ ಒತ್ತಿ ಮಾಡಿದ ಸಣ್ಣ ತುಂಡುಗಳು) ಅಥವಾ ಕಾಗದದ ಲಿಟರ್ ಹಾಕಿ. ಸಾಮಿಲ್ಲಿನ ಮರದ ಹೊಟ್ಟು ಅಗ್ಗ, ಆದರೆ ಧೂಳು ಜಾಸ್ತಿ.

ಲ್ಯಾವೆಂಡರ್ ಘಮದ ಪ್ಯಾಕೆಟ್‌ಗೆ ಸುಮ್ನೆ ದುಡ್ಡು ಹಾಕಬೇಡಿ. ಘಮ ನಮಗೆ ಹಿತ, ಎಷ್ಟೋ ಬೆಕ್ಕುಗಳಿಗೆ ಅದೇ ಹಿಂಸೆ. ಹಿಡಿಸದಿದ್ದರೆ ಸೋಫಾ ಹಿಂದೆ ಹೋಗಿ ಕೂರುತ್ತದೆ, ಪಾಪ, ಆಮೇಲೆ ಬೈಗುಳವೂ ಅದಕ್ಕೇ.

ಟ್ರೇಯಲ್ಲಿ ಎರಡು ಮೂರು ಇಂಚು ಹರಡಿ. ಬ್ರ್ಯಾಂಡ್ ಬದಲಿಸುವುದಾದರೆ ಹಳೆಯದಕ್ಕೆ ಹೊಸದನ್ನು ಸ್ವಲ್ಪ ಸ್ವಲ್ಪವೇ ಬೆರೆಸುತ್ತಾ ಹೋಗಿ. ಉಂಡೆಗಳನ್ನು ಕಮೋಡಿಗೆ ಹಾಕಲೇಬೇಡಿ, ಪೈಪ್ ಕಟ್ಟಿಕೊಳ್ಳುತ್ತದೆ. ಮನೆಯಲ್ಲಿ ಬಸುರಿ ಇದ್ದರೆ ಟ್ರೇ ತೆಗೆಯುವ ಕೆಲಸ ಬೇರೆಯವರು ಮಾಡಲಿ. ಬೆಕ್ಕಿನ ಮಲದಲ್ಲಿ ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಇರಬಹುದು, ಹೊಟ್ಟೆಯಲ್ಲಿರುವ ಮಗುವಿಗೆ ಅದರಿಂದ ಅಪಾಯ.